ಹಸಿ ನೀಲಗಿರಿಯ ಮೇಜು

ಬಂಗಾರಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಬಿಟ್ಟು ಬಂದದ್ದು ಮಾತ್ರ ಐದೇ ನಿಮಿಷದಲ್ಲಿ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಹಳೆಯ ತಂತಿಯನ್ನೇ ಸುತ್ತಿ ಹೊಸದೆಂದು ಹೇಳಿ ಕೊಡು ಅಂದ ಮಾಲೀಕ. ಆಗಲ್ಲ ಅಂದೆ. ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ನನ್ನ ತಪ್ಪು ಅಂದ. ಕೈಯಲ್ಲಿದ್ದ ಇಕ್ಕಳವನ್ನು ಅವನ ಮೇಜಿನ ಮೇಲೆ ಎಸೆದೆ, ಮೇಜಿನ ಗಾಜು ಒಡೆಯಿತು. ನನ್ನ ಬಾಯಿಯಾಗಲಿ ಕೈಯಾಗಲಿ ತಲೆಯ ಅಪ್ಪಣೆಗೆ ಕಾದು ನಿಂತದ್ದಿಲ್ಲ. ಮಾರಿಕುಪ್ಪಂ ರೈಲು ಹತ್ತಿ ಕೂತ ಮೇಲೆಯೇ, ನಾಳೆಯಿಂದ ಏನು ಮಾಡುವುದೆಂಬ ಯೋಚನೆ ಬಂತು.

ಮನೆಯಲ್ಲೇ ಕೆಲಸ ಶುರುಮಾಡುವುದೆಂದು ಊರ್ಗಾಂ ತಲುಪುವ ಹೊತ್ತಿಗೆ ತೀರ್ಮಾನಿಸಿದ್ದೆ. ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಕಾರ್ಮಿಕರ ಸಾಲುಮನೆಗಳಲ್ಲಿ, ನಮ್ಮದು ಕೊನೆಯ ಮನೆ. ಪಕ್ಕಕ್ಕೆ ಶೀಟು ಇಳಿಸಿದ ಒಂದು ಚಾವಡಿ ಇದೆ, ಹಿಂದೆ ಅಮ್ಮ ಅಲ್ಲಿ ಮೇಕೆ ಕಟ್ಟುತ್ತಿದ್ದಳು. ಜಾಗವಿತ್ತು, ಕರೆಂಟಿತ್ತು, ಉಪಕರಣಗಳು ಅರ್ಧ ನನ್ನವೇ ಇದ್ದವು. ಇಲ್ಲದ್ದು ಒಂದು ಗಟ್ಟಿ ಮೇಜು. ಫ್ಯಾನು, ಮಿಕ್ಸಿಯಾದರೆ ನೆಲದ ಮೇಲೆ ಕೂತು ಬಿಚ್ಚಬಹುದು. ಕೊಳವೆಬಾವಿಯ ಮೋಟಾರನ್ನು ಹಾಗೆ ಬಿಚ್ಚಲಾಗದು. ತುಕ್ಕು ಹಿಡಿದ ನಟ್ಟನ್ನು ಬಿಡಿಸಲು ಮೇಜಿಗೆ ಬಿಗಿದ ಕಬ್ಬಿಣದ ದವಡೆಯ ವೈಸಿಗೆ ಕಚ್ಚಿಸಿ, ಸ್ಪ್ಯಾನರಿಗೆ ಪೈಪು ತೊಡಿಸಿ, ಮೈಭಾರವನ್ನೆಲ್ಲ ಹಾಕಿ ಎಳೆಯಬೇಕು. ಆಗ ಮೇಜು ಕೂದಲೆಳೆಯಷ್ಟೂ ಅಲ್ಲಾಡಬಾರದು. ಆಂಡರ್ಸನ್‌ಪೇಟೆಯ ಬಡಗಿ ಹೇಳಿದ ಬೆಲೆಗೆ ಅವನ ಮುಂದೆಯೇ ನಕ್ಕು ಎದ್ದು ಬಂದೆ.

ಅದನ್ನು ಅಮ್ಮನಿಗೆ ಹೇಳುತ್ತಿದ್ದಾಗ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪ ಹೇಳಿದ: "ನಾನ್ ಮಾಡ್ಕೊಡ್ತೀನಿ ಬಿಡು."

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಪ್ಪ ಮರದ ಕೆಲಸಕ್ಕೆ ಕೈ ಹಾಕಿದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ. ಬಾಗಿಲಿನ ತಿರುಗಣಿ ಕಳಚಿದರೂ ಮೊಳೆ ಹೊಡೆಯುತ್ತಿದ್ದವಳು ಅಮ್ಮನೇ.

ಅಪ್ಪ ಗಣಿಯಲ್ಲಿ ಮರ ನಿಲ್ಲಿಸುವವನು. ಕೊರೆದ ದಾರಿ ಕುಸಿಯದಂತೆ ಎರಡು ಕಂಬ ನಿಲ್ಲಿಸಿ, ಮೇಲೆ ಅಡ್ಡತೊಲೆ ಕೂರಿಸಿ, ತೊಲೆಗೂ ಬಂಡೆಗೂ ನಡುವಿನ ಸಂದಿಗೆ ಮರದ ಬೆಣೆ ಹೊಡೆಯುವುದು ಅವನ ಕೆಲಸ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಕೂಲಿಗೆಂದು ಬಂದವನು, ಆ ಕೆಲಸದಲ್ಲಿ ಒಳ್ಳೆಯ ಹೆಸರು ಮಾಡಿದ್ದ. ಅವನಿಗೊಬ್ಬ ಜೋಡಿಯಿದ್ದ, ತಮಿಳಿನವನು. ಇವನು ಬೆಣೆ ಹಿಡಿದರೆ ಅವನು ಹೊಡೆಯುವುದು, ಅವನು ಹಿಡಿದರೆ ಇವನು. ಇವನು ಕನ್ನಡದಲ್ಲಿ ಬೈದರೆ ಅವನು ತಮಿಳಿನಲ್ಲಿ ಬೈಯುವುದು. ನಾನು ಆರು ವರ್ಷದವಳಿದ್ದಾಗ ಒಂದು ದಿನ ಭೂಮಿ ನಡುಗಿ ಮನೆಯ ಪಾತ್ರೆಗಳೆಲ್ಲ ಸದ್ದು ಮಾಡಿದವು. ಒಳಗೆ ಬಂಡೆ ಸಿಡಿದಾಗ ಹಾಗಾಗುವುದು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅಪ್ಪ ಇನ್ನಷ್ಟು ಬೆಣೆ ತರಲು ಹಿಂದಕ್ಕೆ ಹೋಗಿದ್ದನಂತೆ. ಮರಳಿ ಬಂದಾಗ ಅವನು ನಿಲ್ಲಿಸಿದ್ದ ಕಂಬಗಳು ಬಿದ್ದಿದ್ದವು, ಜೋಡಿ ಅವುಗಳಡಿಯಲ್ಲಿ ಹೆಣವಾಗಿದ್ದ.

ವಿಚಾರಣೆಗೆ ಬಂದವರು ಬಂಡೆ ಸಿಡಿದದ್ದು, ಯಾರ ತಪ್ಪೂ ಅಲ್ಲ ಎಂದು ಬರೆದುಕೊಂಡು ಹೋದರು. ಲೈನಿನವರೂ ಹಾಗೇ ಅಂದರು. ಅಪ್ಪನ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಬಂಡೆ ಸಿಡಿದದ್ದಕ್ಕೆ ಮರ ಬಿತ್ತೋ, ತಾನು ನಿಲ್ಲಿಸಿದ ಮರ ಸಡಿಲವಾಗಿದ್ದರಿಂದ ಬಂಡೆ ಬಿತ್ತೋ? ಅವನು ಮೇಲಿನವರನ್ನು ಬೇಡಿಕೊಂಡು ಗಣಿಯ ಹೊರಗಿನ, ನೆಲದ ಮೇಲಿನ ಕೆಲಸಕ್ಕೆ ಬಂದ. ಗಣಿ ಮುಚ್ಚಿದ ಮೇಲೆ ಒಂದು ಕಡೆ ಕಾವಲುಗಾರನಾದ. ಬಾಚಿ, ಉಳಿ, ಗರಗಸಗಳು ಗೋಣಿಚೀಲದಲ್ಲಿ ಮಂಚದ ಕೆಳಗೇ ಉಳಿದವು. ಈಗ ಎಪ್ಪತ್ತು ದಾಟಿದವನು ಆ ಚೀಲವನ್ನು ತಾನಾಗಿ ಎಳೆದ. ಈ ಮೇಜು ನಿಂತರೆ ತನ್ನ ಕೈ ಕೆಟ್ಟದ್ದಲ್ಲವೆಂದು ಅವನು ನಂಬಿಯಾನೆಂಬ ಆಸೆ ನಮ್ಮಿಬ್ಬರಿಗೂ ಹುಟ್ಟಿತು. ನನ್ನ ಕೆಲಸಕ್ಕಿಂತ ಅದೇ ನಮಗೆ ದೊಡ್ಡದಾಯಿತು.

ಅವನು ಹೊರಗೆ ಹೋದ ಕೂಡಲೇ ಅಮ್ಮ ನನ್ನ ರಟ್ಟೆ ಹಿಡಿದಳು. "ನಿಮ್ಮಪ್ಪ ಕೈ ಆಕವ್ನೆ. ನೀನ್ ಬಾಯ್ ಆಕ್ಬ್ಯಾಡ. ಅದೆಂಗಾದ್ರೂ ಇರ್ಲಿ, ಸೆಂದಾಗೈತೆ ಅನ್ನು."

ಹೂಂ ಅಂದೆ. ಎಲ್ಲದಕ್ಕೂ ಬಾಯಿ ಹಾಕುವವಳು ಅದೊಂದು ಕಡೆ ಬಾಯಿ ಮುಚ್ಚಿಕೊಂಡೆ.

ಹಲಗೆಗಳು ಗುಜರಿಯಲ್ಲಿ ಸಿಕ್ಕವು. ಕಾರ್ಖಾನೆಗೆ ಯಂತ್ರದ ಭಾಗಗಳು ಬರುವ ಮರದ ಪೆಟ್ಟಿಗೆಗಳನ್ನು ಒಡೆದು ಮಾರುತ್ತಾರೆ, ಒಳ್ಳೆಯ ದಪ್ಪ ಹಲಗೆ, ಸೌದೆಯ ಬೆಲೆ. ಕಾಲುಗಳಿಗೆ ನೀಲಗಿರಿ ಸಾಕು ಅಂದ ಅಪ್ಪ. ನಮ್ಮ ಕಡೆ ನೀಲಗಿರಿಗೇನು ಬರ. ಬಂಗಾರಪೇಟೆಯ ಆಚೆ ಸೋದರಮಾವನ ತೋಪಿಗೆ ಹೋದೆವು. ಅಪ್ಪ ಒಂದೊಂದೇ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು, ಕಿವಿಯಿಟ್ಟು, ತಲೆಯಾಡಿಸುತ್ತ ಹೋದ. ಕಡಿದು ತಿಂಗಳುಗಳಾಗಿ ಬೇಲಿಯ ಪಕ್ಕ ಒಣಗುತ್ತಿದ್ದ ದಿಮ್ಮಿಗಳಿದ್ದವು. ಅವನ್ನು ತೋರಿಸಿದರೆ ಬೇಡ ಅಂದ.

"ಅಸಿ ಮರಾನೇ ಬೇಕು ಕಣವ್ವಾ. ಒಣಗಿದ್ದು ಸದ್ದಿಲ್ದಂಗೆ ಪಟ್ಟಂತ ಮುರಿದೋಗ್ತದೆ. ಅಸೀದು ಮುರಿಯೋಕ್ ಮುಂಚೆ ಕೂಗ್ತದೆ. ಓಡೋಕೆ ಟೈಮ್ ಕೊಡ್ತದೆ."

ಮೇಜಿನಡಿಯಿಂದ ಯಾರು ಓಡಬೇಕಿತ್ತು? ನಾನು ಓದಿದ್ದು ಐಟಿಐ ಫಿಟ್ಟರ್. ಹಸಿ ನೀಲಗಿರಿ ಒಣಗುವಾಗ ಕುಗ್ಗುತ್ತದೆ, ತಿರುಚುತ್ತದೆ, ಸೀಳುತ್ತದೆ ಅನ್ನುವುದನ್ನು ಐಟಿಐಗೆ ಹೋಗದವರೂ ಬಲ್ಲರು. ಬೇಲಿಗೆ ನೆಟ್ಟ ನೀಲಗಿರಿ ಗೂಟ ನೋಡಿದವರೆಲ್ಲ ಬಲ್ಲರು. ಅಪ್ಪನೂ ಬಲ್ಲ, ಆದರೆ ಮರವೆಂದರೆ ಅವನ ಕಣ್ಣ ಮುಂದೆ ಬರುತ್ತಿದ್ದದ್ದು ಭೂಮಿಯೊಳಗಿನ ಮರವೇ. ನಾನು ತುಟಿ ಬಿಚ್ಚಲಿಲ್ಲ. ಹಸಿ ದಿಮ್ಮಿಗಳು ಲಗೇಜ್ ಆಟೋದಲ್ಲಿ ಮನೆಗೆ ಬಂದವು.

ಎಂಟು ದಿನ ಕೆಲಸ ನಡೆಯಿತು. ನಾನು ನೆಟ್ಟಗೆ ನಿಂತು ಕೈ ಇಳಿಬಿಟ್ಟೆ, ಅಪ್ಪ ಮಣಿಕಟ್ಟಿನ ಎತ್ತರಕ್ಕೆ ಗೋಡೆಯ ಮೇಲೆ ಇದ್ದಲಿನ ಗೆರೆ ಎಳೆದ. ಅದೇ ಮೇಜಿನ ಎತ್ತರ. ನಾಲ್ಕು ಕಾಲುಗಳ ತಲೆಗೆ ಕಚ್ಚು ಕಡಿದ, ಅಡ್ಡತೊಲೆಗಳನ್ನು ಅದರಲ್ಲಿ ಕೂರಿಸಿದ. ಮೊದಲ ದಿನ ಬಾಚಿ ಗುರಿ ತಪ್ಪುತ್ತಿತ್ತು, ಮೂರನೆಯ ದಿನಕ್ಕೆ ಅವನ ಮಾತು ಕೇಳತೊಡಗಿತು. ನಾನು ಬೋಲ್ಟು, ವಾಷರು ತಂದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ತೆಗೆದು ತೋರಿಸಿದೆ.

"ಬೋಲ್ಟ್ ಯಾತಕ್ಕೆ? ಬೆಣೆ ಒಡೀತೀನಿ. ಮ್ಯಾಲಿಂದ ಭಾರ ಬಿದ್ದಂಗೆಲ್ಲಾ ತಾನೇ ಬಿಗಿಯಾಯ್ತಾ ಓಯ್ತದೆ," ಅಂದ.

ಮೇಲಿಂದ ಬೀಳಲು ಇಲ್ಲಿ ಯಾವ ಬೆಟ್ಟವಿದೆ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಮ್ಮ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟಳು. ಬೋಲ್ಟು ಜೇಬಿಗೇ ಮರಳಿತು. ಅಡ್ಡಕ್ಕೆ ವಾಲದಂತೆ ಕಾಲುಗಳ ನಡುವೆ ಓರೆಪಟ್ಟಿಯನ್ನಾದರೂ ಹೊಡೆಯೋಣವೆಂದು ಕೇಳಬಹುದಿತ್ತು. ಕೇಳಲಿಲ್ಲ.

ಮೇಜು ನಿಂತ ದಿನ ಅಪ್ಪ ಅದರ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತು ಕಾಫಿ ಕೇಳಿದ. "ಇಳೀರಿ ಕೆಳಕ್ಕೆ, ಗಣೇಶನ್ನ ಕೂರ್ಸ್ದಂಗೆ ಕೂತವ್ರೆ," ಎಂದು ಅಮ್ಮ ಬೈದು, ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು. ಅವನ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿದ್ದೇ ಇಲ್ಲ. ಹಸಿ ಮರದ ವಾಸನೆಯಲ್ಲಿ ಚಾವಡಿಯ ಮೇಕೆ ನಾತವೂ ಅಡಗಿಹೋಗಿತ್ತು. ನನಗೆ ಅಳು ಬಂತು. ಮರದ ಪುಡಿ ಬಿತ್ತು ಎಂದು ಕಣ್ಣುಜ್ಜಿಕೊಂಡೆ.

ಆಮೇಲೆ ಬೇಸಿಗೆ ಬಂತು. ಶೀಟಿನ ಕೆಳಗೆ ಮಧ್ಯಾಹ್ನವೆಲ್ಲ ಕಾವಲಿಯ ಬಿಸಿ. ಕಾಲುಗಳಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ಅಪ್ಪ ದಿನಾ ಬೆಳಗ್ಗೆ ಸುತ್ತಿಗೆಯಿಂದ ಬೆಣೆಗಳನ್ನು ತಟ್ಟಿ ನೋಡುತ್ತಿದ್ದ. ಅವನು ಬರುವ ಮೊದಲೇ ನಾನೊಮ್ಮೆ ಬಡಿದು ಬಿಗಿ ಮಾಡಿಡುತ್ತಿದ್ದೆ, ಸಡಿಲ ಅವನ ಕೈಗೆ ಸಿಗಬಾರದೆಂದು. ಅವನು ತಟ್ಟಿ, "ಗಟ್ಟಿಯಾಗೈತೆ," ಎಂದು ಒಳಗೆ ಹೋಗುತ್ತಿದ್ದ. ಈಗ ನೆನೆದರೆ ಮೈ ಉರಿಯುತ್ತದೆ. ಅವನ ಕೆಲಸವನ್ನು ಅವನೇ ನೋಡುವ ಹಕ್ಕನ್ನೂ ನಾನು ಕದ್ದಿದ್ದೆ. ಬೇರೆ ಯಾರಾದರೂ ನನಗೆ ಹಾಗೆ ಮಾಡಿದ್ದರೆ ಇಕ್ಕಳ ಎಸೆಯುತ್ತಿದ್ದೆ.

ಮೊದಲ ದೊಡ್ಡ ಮೋಟಾರು ಬಂದ ದಿನ ಬೆಳಗ್ಗೆ ನಾನು ಬೆಣೆ ಬಡಿಯುವುದನ್ನು ಮರೆತೆ. ಅಪ್ಪ ಬೆಣೆ ತಟ್ಟದೆಯೇ ರೇಷನ್ ಅಂಗಡಿಯ ಸಾಲಿಗೆ ಹೋಗಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಮೋಟಾರನ್ನು ಮೇಜಿನ ಮೇಲಿಟ್ಟು, ಶಾಫ್ಟನ್ನು ವೈಸಿಗೆ ಕಚ್ಚಿಸಿ, ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆದೆ. ನಟ್ಟು ಕದಲಲಿಲ್ಲ. ಇನ್ನೊಮ್ಮೆ, ಮೈಯೆಲ್ಲ ಹಾಕಿ. ಮೇಜು ನನ್ನ ಕಡೆಗೆ ವಾಲಿತು. ಬೆಣೆಗಳು ನೆಲಕ್ಕೆ ಉದುರಿದ ಸದ್ದು ಕೇಳಿಸಿತು. ಕೂಗುತ್ತದೆ ಅಂದಿದ್ದ ಹಸಿ ಮರ ಕೂಗಲೇ ಇಲ್ಲ, ಅಷ್ಟು ಹೊತ್ತಿಗೆ ಅದು ಒಣಗಿ ಹೋಗಿತ್ತಲ್ಲ. ನಾಲ್ಕೂ ಕಾಲು ಒಂದೇ ಕಡೆಗೆ ಮಲಗಿದವು. ಮೋಟಾರು ನನ್ನ ಎಡಪಾದದ ಮೇಲೆ ಬಿತ್ತು.

ಅಪ್ಪ ಓಡಿ ಬಂದ. ಮೋಟಾರನ್ನು ಒಬ್ಬನೇ ಪಕ್ಕಕ್ಕೆ ಉರುಳಿಸಿ, ನನ್ನ ಕಾಲು ಹಿಡಿದುಕೊಂಡು, "ಏನಾಯ್ತವ್ವಾ, ಏನಾಯ್ತು," ಅಂದ. ನೋವಿನಲ್ಲಿ ಕಣ್ಣು ಕತ್ತಲಿಟ್ಟಿತ್ತು. ಆಡಿದ ಮಾತಿಗೆ ಅದು ನೆಪವಾಗದು ಎಂದು ನನಗೆ ಗೊತ್ತು. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಮಾತೆಲ್ಲ ಒಂದೇ ಸಲ ಬಂತು, ಬರಬಾರದ ರೂಪದಲ್ಲಿ ಬಂತು.

"ನೀನ್ ನಿಲ್ಸಿದ್ದು ಯಾವ್ದು ನಿಂತೈತೆ ಯೇಳು!"

ಅಪ್ಪ ಕೈ ತೆಗೆದ. ಬೈಯಲಿಲ್ಲ, ಅಳಲಿಲ್ಲ. ಬಿದ್ದ ಮರಗಳ ಕಡೆಗೆ ನೋಡಿದ. ಅವನು ಏನನ್ನು ನೋಡುತ್ತಿದ್ದಾನೆಂದು ನನಗೆ ತಿಳಿಯಿತು. ಆಡಿದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ಆ ಪಾದವನ್ನೇ ಕತ್ತರಿಸಿ ಕೊಡು ಅಂದಿದ್ದರೂ ಕೊಡುತ್ತಿದ್ದೆ.

ಕಾಲಿನ ಎರಡು ಬೆರಳು, ಪಾದದ ಒಂದು ಮೂಳೆ ಮುರಿದಿದ್ದವು. ಕಟ್ಟು ಹಾಕಿಸಿಕೊಂಡು ಬಂದು ನಾನು ಅವನ ಮಂಚದ ಮೇಲೆ ಮಲಗಿದೆ, ಅವನು ಚಾವಡಿಗೆ ಹೋದ. ಮೇಜಿನ ಕಾಲುಗಳನ್ನು ಸಾಲಾಗಿ ಮಲಗಿಸಿಕೊಂಡು, ಕಚ್ಚಿನ ಸಂದಿಗೆ ಉಗುರು ತೂರಿಸಿ ಅಳೆಯುತ್ತ, ಬೆಣೆಯನ್ನು ಹಾಕಿ ತೆಗೆಯುತ್ತ ಕೂತಿರುತ್ತಿದ್ದ. ಊಟ ಬಡಿಸಿದರೆ ಎರಡು ತುತ್ತು. ನಾನು ಕಿಟಕಿಯಿಂದ ಅಪ್ಪಾ ಎಂದು ಕರೆದರೆ ಹೂಂ ಅನ್ನುತ್ತಿದ್ದ, ತಿರುಗುತ್ತಿರಲಿಲ್ಲ.

ನಾಲ್ಕನೆಯ ದಿನ ಅಮ್ಮ ನನ್ನ ಪಕ್ಕ ಬಂದು ಕೂತಳು. "ಅವತ್ತೂ ಇಂಗೇ ಇಷ್ಟೇ ಸಂದಿ ಇದ್ದಿರ್ಬೋದಲ್ವಾ ಅಂತ ನನ್ನ ಕೇಳ್ತಾವ್ನೆ. ನಾನೇನ್ ಯೇಳ್ಲಿ? ನಾನೇನ್ ಒಳಕ್ಕಿಳಿದು ನೋಡಿದ್ನಾ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಯಾರೂ ಕೊಡದ ತೀರ್ಪನ್ನು ನಾನು ಕೊಟ್ಟಿದ್ದೆ. ಸಾಕ್ಷಿಗೆ ಮೇಜು ಬಿದ್ದಿತ್ತು.

ಗೋಡೆ ಹಿಡಿದು ಕುಂಟುತ್ತ ಚಾವಡಿಗೆ ಹೋಗಿ ಅವನ ಎದುರು ನೆಲದ ಮೇಲೆ ಕೂತೆ.

"ತಪ್ಪು ನಂದು ಕಣಪ್ಪಾ. ಅಸಿ ಮರ ಒಣಗಿ ಸಣ್ಣಗಾಯ್ತದೆ, ಬೆಣೆ ಉದುರ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ದಿನಾ ನೀನ್ ಬರೋಕ್ ಮುಂಚೆ ನಾನೇ ಬಡಿದು ಇಡ್ತಿದ್ದೆ."

ಅವನು ತಲೆಯೆತ್ತಿದ. "ಗೊತ್ತಿದ್ದೂ ಯಾಕ್ ಯೇಳ್ಲಿಲ್ಲ?"

"ನಿಂಗೆ ಬ್ಯಾಜಾರಾಯ್ತದೆ ಅಂತ."

"ನಂಗ್ ಬ್ಯಾಜಾರಾಗ್ದಂಗೆ ನೋಡ್ಕೊಳೋಕೆ ಕಾಲ್ ಮುರ್ಕೊಂಡ್ಯಾ?" ಎಂದ. ಅವನಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಕಂಡು ನನಗೆ ಎಷ್ಟೋ ಸಮಾಧಾನವಾಯಿತು.

ನಂತರ ನನಗೆ ತಿಳಿದಷ್ಟನ್ನು ಹೇಳಿದೆ. ಗಣಿಯೊಳಗೆ ತೇವವಿರುತ್ತದೆ, ಮರ ಇಲ್ಲಿಯಷ್ಟು ಬೇಗ ಒಣಗುವುದಿಲ್ಲ. ಬಂಡೆ ಮೇಲಿಂದ ಒತ್ತುತ್ತಲೇ ಇರುತ್ತದೆ, ಬೆಣೆ ಬಿಗಿಯಾಗುತ್ತದೆ. ಇಲ್ಲಿ ಮೇಲೆ ಬರೀ ಶೀಟು. ನಾನು ಎಳೆದದ್ದು ಅಡ್ಡಕ್ಕೆ, ಅಡ್ಡಕ್ಕೆ ತಡೆಯುವಂಥದ್ದು ಈ ಮೇಜಿನಲ್ಲಿ ಏನೂ ಇರಲಿಲ್ಲ. ಅದಕ್ಕೇ ಈ ಮೇಜು ಬಿದ್ದದ್ದರಿಂದ ಅಲ್ಲಿಯದು ಹೇಗೆ ಬಿತ್ತೆಂದು ಹೇಳಲಾಗದು. ಅವನು ಒಂದೊಂದಕ್ಕೂ ತಲೆಯಾಡಿಸಿದ. ಕೆಲಸದ ಮಾತು ಅವನಿಗೆ ಅರ್ಥವಾಗುತ್ತಿತ್ತು.

"ಅಂಗಾರೆ ಅವತ್ತು?" ಅಂದ. "ಅವತ್ತು ನನ್ ಮರ ಸರಿಯಾಗಿತ್ತಾ? ನೀನ್ ಓದಿದೋಳು, ಯೇಳು."

ಸರಿಯಾಗಿತ್ತು ಅನ್ನಬಹುದಿತ್ತು. ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು, ಅವಳಿಗೂ ಅದೇ ಬೇಕಿತ್ತು.

"ಗೊತ್ತಿಲ್ಲಪ್ಪಾ," ಅಂದೆ.

ಅವನು ಕೈಯಲ್ಲಿದ್ದ ಬೆಣೆಯನ್ನು ಕೆಳಗಿಟ್ಟ. "ಇಷ್ಟು ವರ್ಸ ಎಲ್ರೂ ಕಂಡೋರಂಗೆ ನಿಂದಲ್ಲ ನಿಂದಲ್ಲ ಅಂದ್ರು. ಗೊತ್ತಿಲ್ಲ ಅಂದೋಳು ನೀನೊಬ್ಳೇ," ಅಂದ. ಹಗುರವಾದನೋ, ಇನ್ನೂ ಭಾರವಾದನೋ ನನಗೆ ತಿಳಿಯಲಿಲ್ಲ.

ಎರಡನೆಯ ಮೇಜಿಗೆ ಮಾವನ ಬೇಲಿಯ ಪಕ್ಕದ ಒಣ ದಿಮ್ಮಿಗಳನ್ನೇ ತರಿಸಿದೆವು, ಮೇಲಿನ ಹಲಗೆಗಳು ಹಳೆಯವೇ. ನಾನು ಕಾಲು ಚಾಚಿಕೊಂಡು ಸ್ಟೂಲಿನ ಮೇಲೆ ಕೂತು ಗುರುತು ಹಾಕುವುದು, ಅವನು ಕೊರೆಯುವುದು. ಪ್ರತಿ ಜೋಡಣೆಗೂ ಎರಡು ಬೋಲ್ಟು, ಹಿಂದೆ ಒಂದು, ಪಕ್ಕಗಳಿಗೆ ಒಂದೊಂದು ಓರೆಪಟ್ಟಿ, ವೈಸು ನೇರ ಕಾಲಿನ ಮೇಲೆಯೇ ಬರುವ ಹಾಗೆ ಮೂಲೆಗೆ. ಕೆಳಗೆ ಒಂದು ಹಲಗೆ ಹಾಕಿ ಎರಡು ಸತ್ತ ಮೋಟಾರುಗಳನ್ನು ಭಾರಕ್ಕಿಟ್ಟೆವು. ಒಂದೊಂದು ಕೆಲಸ ಮುಗಿದಾಗಲೂ ಅಪ್ಪ ಹಿಂದೆ ಸರಿದು, "ಏನ್ ಕಾಣ್ತೈತೆ ಯೇಳು. ಮುಚ್ಚಿಡ್ಬ್ಯಾಡ," ಅನ್ನುವನು. ಹೇಳುತ್ತಿದ್ದೆ. ಜಗಳವೂ ಆಡುತ್ತಿದ್ದೆವು. ನಾನು ಹೇಳಿದ ತಪ್ಪುಗಳಲ್ಲಿ ಅರ್ಧದಷ್ಟು ತಪ್ಪೇ ಅಲ್ಲವೆಂದು ಅವನು ತೋರಿಸಿಕೊಟ್ಟ. ಮುಗಿದ ಮೇಲೆ ಪೈಪು ತೊಡಿಸಿ ನನ್ನ ಕಾಲ ಮೇಲೆ ಬಿದ್ದ ಮೋಟಾರಿನ ಆ ಹಳೆಯ ನಟ್ಟನ್ನೇ ಎಳೆದ. ನಟ್ಟು ಬಿಟ್ಟಿತು, ಮೇಜು ಅಲ್ಲಾಡಲಿಲ್ಲ. ಅಪ್ಪ ನಗಲಿಲ್ಲ. ಕೈ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೊರಟ.

"ಎಲ್ಲಿಗೆ?" ಅಂದಳು ಅಮ್ಮ.

"ಅವ್ನ ಎಂಡ್ರು ಅತ್ರ. ನನ್ ಮರ ಸರಿಯಾಗಿತ್ತೋ ಇಲ್ವೋ ಗೊತ್ತಿಲ್ಲ ಅಂತ ಯೇಳ್ಬುಟ್ಟು ಬತ್ತೀನಿ."

ಜೋಡಿಯ ಹೆಂಡತಿ ಚಾಂಪಿಯನ್ ರೀಫ್ಸ್ ಗಣಿಯ ಲೈನಿನಲ್ಲಿ ಇದ್ದಳು, ನಮ್ಮ ಮನೆಯಿಂದ ಆಟೋದಲ್ಲಿ ಹೋದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಜೋಡಿಯನ್ನು ಮಣ್ಣು ಮಾಡಿದ ದಿನದಿಂದ ಅಪ್ಪ ಆ ಬಾಗಿಲು ತುಳಿದಿರಲಿಲ್ಲ. ಹೋಗಬೇಡ ಅನ್ನಬೇಕೋ, ಹೋಗು ಅನ್ನಬೇಕೋ ಗೊತ್ತಾಗದೆ ನಾನು ಬಾಗಿಲವರೆಗೆ ಕುಂಟುತ್ತ ಹೋಗಿ ನಿಂತೆ. ಆ ಹೆಂಗಸು ಏನಂದಾಳೆಂಬ ದಿಗಿಲಿತ್ತು.

ಹೊತ್ತು ಇಳಿಯುವ ಮುಂಚೆ ಬಂದ. ಹೊಸ್ತಿಲ ಮೇಲೆಯೇ ಕೂತ. ಅಮ್ಮ ನೀರು ಕೊಟ್ಟಳು, ಕುಡಿಯಲಿಲ್ಲ.

"ಬೈದಳಾ?" ಅಂದೆ.

"ಇಲ್ಲ." ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಅವತ್ತು ಬೆಳಗ್ಗೆ ಅವಳು ಗಂಡನ್ ಜೊತೆ ಜಗಳ ಆಡಿ ಬುತ್ತಿ ಕಟ್ಟಿ ಕೊಟ್ಟಿರ್ಲಿಲ್ವಂತೆ. ಅಸ್ಕೊಂಡಿದ್ದ, ಅದಕ್ಕೇ ತಪ್ಪುಸ್ಕೊಂಡ್ ಓಡೋಕೆ ಆಗ್ಲಿಲ್ಲ, ನಾನೇ ಸಾಯ್ಸಿದೆ ಅಂತ ಇವತ್ಗಂಟ ಅಳ್ತಾ ಅವ್ಳೆ."

"ನೀನೇನಂದೆ?"

"ಅಸ್ಕೊಂಡಿರ್ಲಿಲ್ಲ ಅಂದೆ. ನನ್ ಬುತ್ತೀಲಿ ಉಂಡಿದ್ದ ಅವ್ನು. ನಿಮ್ಮಮ್ಮ ಕಟ್ಟಿದ್ ಮುದ್ದೇಲಿ ಅರ್ಧ, ಕಿತ್ಕೊಂಡು ತಿಂದ. ಒಟ್ಟೆ ತುಂಬಾ ಉಂಡು, ನೀರ್ ಕುಡಿದು, ನನ್ನೇ ಬೈದ." ಅಪ್ಪ ಚೊಂಬಿನ ನೀರನ್ನೇ ನೋಡಿದ. "ಇದೊಂದ್ ಮಾತು ಇಷ್ಟ್ ವರ್ಸ ನನ್ ಅತ್ರಾನೇ ಇತ್ತಲ್ಲವ್ವಾ. ನಾನ್ ಆ ಕಡೀಕ್ ಓಗ್ಲೇ ಇಲ್ವಲ್ಲ."

ಅಮ್ಮ ಅವನ ಕೈಯಿಂದ ಚೊಂಬು ತೆಗೆದುಕೊಂಡಳು. ಮೂವರೂ ಹೊಸ್ತಿಲಲ್ಲೇ ಕೂತು ಅತ್ತೆವು.